ಬೊಕ್ಕಸದ ಲೆಕ್ಕವೂ ಶಾಸನಸಭೆಯೂ

ಸಿದ್ದಾಪುರ ಸೀಮೆಯ ರೈತರು 1930ರ ದಶಕದ ಆರಂಭದಲ್ಲಿ ಭೂಕಂದಾಯವನ್ನು ಕೊಡಲೊಲ್ಲೆವೆಂದು ನಿಂತು, ಜಪ್ತಿಯ ಕಷ್ಟವನ್ನು ಸಹಿಸಿದ ಸಂಗತಿಯು ಶ್ರೋತೃಗಳಲ್ಲಿ ಹಲವರಿಗೆ ತಿಳಿದಿರಬಹುದು. ಅವರಿಂದ ಕಂದಾಯವನ್ನೆತ್ತುತ್ತಿದ್ದ ಸರ್ಕಾರವು ಅವರಿಗೆ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರು ತಮ್ಮ ಶಾಸಕರನ್ನು ತಾವೇ ಆರಿಸಿ ಕಳುಹಿಸುತ್ತಾರೆ. ಹಾಗಾದರೆ ಆ ಲೆಕ್ಕವು ಅವರಿಗೆ ಸಲ್ಲುವ ಬಗೆ ಯಾವುದು?

ಆಯವ್ಯಯವನ್ನು ಮಂಡಿಸುವ ದಿವಸ ನಾಡಿನ ಕಿವಿಯೆಲ್ಲ ಬೆಂಗಳೂರಿನ ಕಡೆಗೇ ಇರುತ್ತದೆ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರು 13 ಬಾರಿ ಆಯವ್ಯಯವನ್ನು ಮಂಡಿಸಿ ಹೆಸರಾದವರು. ಆದರೆ ಹಣಕ್ಕೆ ಒಪ್ಪಿಗೆ ಕೊಡುವುದು ಸಭೆಯ ಅರ್ಧ ಕೆಲಸ ಮಾತ್ರ. ಹೇಳಿದ ಕಾರ್ಯಕ್ಕೇ ಆ ಹಣವು ವೆಚ್ಚವಾಯಿತೇ ಎಂದು ಕೇಳುವುದು ಉಳಿದರ್ಧ. ಮೈಸೂರಿನಲ್ಲಿ 1881ರ ಪ್ರಜಾಪ್ರತಿನಿಧಿ ಸಭೆಯು ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತಷ್ಟೆ. ವೆಚ್ಚದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರವು 1923ರ ಸುಧಾರಣೆಯಿಂದ ನ್ಯಾಯವಿಧಾಯಕ ಸಭೆಗೆ ಬಂದಿತು. ಉಳಿದರ್ಧಕ್ಕೆ ಇಂಗ್ಲೆಂಡಿನವರು ಮಾಡಿಕೊಂಡ ಏರ್ಪಾಟೆಂದರೆ 1861ರಲ್ಲಿ ಗ್ಲಾಡ್‌ಸ್ಟನ್ನನ ಕಾಲದಲ್ಲಿ ಹುಟ್ಟಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿ.

ನಮ್ಮ ಸಂವಿಧಾನದ 151ನೆಯ ಅನುಚ್ಛೇದದಂತೆ, ರಾಜ್ಯದ ಲೆಕ್ಕಗಳ ಮೇಲೆ ಮಹಾಲೇಖಪಾಲರು ಬರೆದ ವರದಿಯು ರಾಜ್ಯಪಾಲರ ಮೂಲಕ ಶಾಸನಸಭೆಯ ಮುಂದೆ ಬರಬೇಕು. ಅನಂತರ ಸಮಿತಿಯು ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ. ಮಲೆನಾಡಿನ ಹಳ್ಳವೊಂದಕ್ಕೆ ಕಾಲುಸಂಕ ಮಂಜೂರಾಯಿತೆಂದು ಭಾವಿಸಿರಿ. ಹಣ ಸಂದಿದೆ, ರಸೀತಿಯೂ ಇದೆ, ಸಂಕವಿಲ್ಲ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಲಾರರು. ರಸೀತಿಯನ್ನು ಮಾತ್ರ ನೋಡುವ ತನಿಖೆಯು ಇದನ್ನು ಕಾಣದು. ಫಲವನ್ನು ನೋಡುವ ತನಿಖೆಯು ಕಂಡೀತು. ಆದರೆ ಕಾಣುವ ಹೊತ್ತಿಗೆ ಗುತ್ತಿಗೆದಾರನು ಊರು ಬಿಟ್ಟಿರುತ್ತಾನೆ, ಅಧಿಕಾರಿಗೆ ವರ್ಗವಾಗಿರುತ್ತದೆ.

ತಡವೇ ಇಲ್ಲಿಯ ದೊಡ್ಡ ರೋಗವೆಂದು ನನ್ನ ಅಭಿಪ್ರಾಯ. ವರದಿಯ ಎಲ್ಲ ಕಂಡಿಕೆಗಳನ್ನೂ ವಿಚಾರಿಸಲು ಸಮಿತಿಗೆ ಬಿಡುವಿಲ್ಲ. ಶಿಫಾರಸು ಮಾಡುವುದಲ್ಲದೆ ದಂಡಿಸುವ ಅಧಿಕಾರವೂ ಅದಕ್ಕಿಲ್ಲ. ಮಂಜೂರಾತಿಗೆ ಮೀರಿದ ವೆಚ್ಚವನ್ನು 205ನೆಯ ಅನುಚ್ಛೇದದಂತೆ ಸಭೆಯೇ ಮತ್ತೆ ಒಪ್ಪಬೇಕೆಂದಿದ್ದರೂ, ಅಧಿವೇಶನದ ಕೊನೆಯ ಗದ್ದಲದಲ್ಲಿ ಅಂಥ ವಿಷಯವನ್ನು ಕೇಳುವವರಾರು? ವರದಿ ಮಂಡನೆಗೂ ಇಲಾಖೆಗಳ ಉತ್ತರಕ್ಕೂ ಗೊತ್ತಾದ ಗಡುವಿರಬೇಕು. ಸಮಿತಿಗೆ ಲೆಕ್ಕ ಬಲ್ಲ ಸ್ವಂತ ಸಿಬ್ಬಂದಿಯಿರಬೇಕು.

ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿಯೆಂಬುದು ನಡೆಯುತ್ತದೆ. ಅಲ್ಲಿ ಊರವರ ಎದುರಿಗೇ ಖರ್ಚನ್ನು ಓದಿ ಹೇಳಬೇಕು. ಯಾರೂ ಎದ್ದು ಪ್ರಶ್ನಿಸಬಹುದು. ಕೋಟ್ಯಂತರ ರೂಪಾಯಿಗಳನ್ನು ವಿಚಾರಿಸುವ ಶಾಸನಸಭೆಯ ಸಮಿತಿಯಾದರೋ ಬಾಗಿಲು ಮುಚ್ಚಿ ಕೂಡುತ್ತದೆ. ಅದರ ಕೆಲವು ಬೈಠಕುಗಳನ್ನಾದರೂ ತೆರೆದ ಬಾಗಿಲಿನಲ್ಲಿ, ಒಮ್ಮೊಮ್ಮೆ ಶಿರಸಿಯಂಥ ಊರಿನಲ್ಲಿಯೇ, ಏಕೆ ನಡೆಸಬಾರದು?