ಗುರುತಿನವರ ಹೆಸರಿನಲ್ಲಿ ಬರುವ ಗುರುತಿಲ್ಲದ ಕಾಗದ

ಹಿಂದೆ ನಮ್ಮ ಊರುಗಳಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ರಾತ್ರಿ ಹೊತ್ತು ದೆವ್ವ ಬಂದು ಬಾಗಿಲು ತಟ್ಟುತ್ತದಂತೆ. ಅದೂ ಎಂಥ ಧ್ವನಿಯಲ್ಲಿ? ನಮ್ಮ ತಾಯಿಯದೋ, ಅಕ್ಕನದೋ, ಪಕ್ಕದ ಮನೆಯವರದೋ ಧ್ವನಿಯಲ್ಲಿ! ಓಗೊಟ್ಟು ಅಗುಳಿ ತೆಗೆದರೆ ಕೆಟ್ಟಿತು. ಅದಕ್ಕೇ, ಬರಹ ಓದಿ ಅದು ಹಿಂದಿರುಗಲಿ, ಮರುದಿನ ಬಂದಾಗ ಮತ್ತೆ ಅದನ್ನೇ ಓದಲಿ ಎಂಬ ಉಪಾಯ.

ದೆವ್ವದ ಮಾತು ಹಾಗಿರಲಿ. ಆದರೆ ಪರಿಚಿತರ ಧ್ವನಿಯಲ್ಲಿ ಕರೆದು ಮನೆಯೊಳಗೆ ನುಗ್ಗುವ ಪೀಡೆಯೊಂದು ಈಗ ನಿಜವಾಗಿಯೂ ಇದೆ. ಅದು ಬರುವುದು ಈ-ಮೇಲ್‌ನಲ್ಲಿ. ನಾದಿನಿಯ ಹೆಸರಿನಲ್ಲಿ 'ಗೃಹಪ್ರವೇಶದ ಫೋಟೋ ನೋಡಿ' ಎಂದು ಬರುತ್ತದೆ. ಮಗನ ಸ್ನೇಹಿತನ ಹೆಸರಿನಲ್ಲಿ 'ಈ ಬಿಲ್ಲು ನಿಮ್ಮದೇ ಅಲ್ಲವೇ?' ಎಂದು ಬರುತ್ತದೆ. ಗುರುತಿಲ್ಲದವರ ಕಾಗದವಾಗಿದ್ದರೆ ನಾವು ಮುಟ್ಟುತ್ತಲೇ ಇರಲಿಲ್ಲ. ಗುರುತಿನವರದು ಎಂಬ ಒಂದೇ ನಂಬಿಕೆಯಿಂದ ಒತ್ತಿಬಿಡುತ್ತೇವೆ. ಆ ನಂಬಿಕೆಯೇ ಇವರ ಬಂಡವಾಳ.

'ನಮಗೇಕಮ್ಮ ಈ ಉಸಾಬರಿ, ನಾವೇನು ಆಫೀಸಿಗೆ ಹೋಗುವವರೇ?' ಎನ್ನಬೇಡಿ. ನಿಮ್ಮ ಕೈಯಲ್ಲಿರುವ ಫೋನಿಗೆ ಒಂದು ಈ-ಮೇಲ್ ವಿಳಾಸ ಇದ್ದೇ ಇರುತ್ತದೆ. ಬ್ಯಾಂಕಿನ ಲೆಕ್ಕ, ಮಕ್ಕಳ ಶಾಲೆಯ ಕಾಗದ, ವಿಮೆ, ಮೊಮ್ಮಗುವಿನ ಫೋಟೋ ಎಲ್ಲದರ ಬೀಗದ ಕೈ ಗೊಂಚಲು ಆ ವಿಳಾಸದಲ್ಲೇ ತೂಗಿಬಿದ್ದಿರುತ್ತದೆ. ನಾನೂ ನಿಮ್ಮಂತೆ ಎಸ್.ಎಸ್.ಎಲ್.ಸಿ. ಓದಿ ಸಂಸಾರಕ್ಕೆ ಬಿದ್ದವಳು. ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡಿದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಇದೇನು ಹೊಸ ರೋಗವಲ್ಲ

1999ರ ಮಾರ್ಚ್ ತಿಂಗಳಲ್ಲಿ 'ಮೆಲಿಸಾ' ಎಂಬ ವೈರಸ್ ಹರಡಿತು. 'ನೀವು ಕೇಳಿದ್ದ ಕಾಗದ ಇಲ್ಲಿದೆ, ಬೇರೆ ಯಾರಿಗೂ ತೋರಿಸಬೇಡಿ' ಎಂಬ ಅರ್ಥದ ಒಕ್ಕಣೆ, ಮೇಲೆ ನಮಗೆ ಗೊತ್ತಿರುವವರ ಹೆಸರು. ಕಾಗದ ತೆರೆದ ಕೂಡಲೇ ಆ ಕಂಪ್ಯೂಟರಿನ ವಿಳಾಸಪಟ್ಟಿಯಲ್ಲಿದ್ದ ಮೊದಲ 50 ಜನರಿಗೆ ತಾನೇ ಹೊರಟುಬಿಡುತ್ತಿತ್ತು. ಅದನ್ನು ಬರೆದ ಅಮೆರಿಕದವನಿಗೆ 2002ರಲ್ಲಿ 20 ತಿಂಗಳ ಸೆರೆವಾಸವಾಯಿತು.

2000ದ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ 'ಐ ಲವ್ ಯೂ' ವೈರಸ್ ಇನ್ನೂ ಜೋರು. ನೋಡಲು ಪ್ರೇಮಪತ್ರ, ಒಳಗೆ ಕಿತಾಪತಿ. ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ತನ್ನನ್ನು ತಾನೇ ಕಳಿಸಿಕೊಂಡಿತು. ಅಷ್ಟೇ ಅಲ್ಲ, ಕಂಪ್ಯೂಟರಿನಲ್ಲಿದ್ದ ಫೋಟೋಗಳ ಮೇಲೆ ತನ್ನನ್ನೇ ಬರೆದುಕೊಂಡು ಅವನ್ನು ಅಳಿಸಿಹಾಕಿತು. ಮಕ್ಕಳ ನಾಮಕರಣದ್ದೋ, ತೀರಿಹೋದ ಹಿರಿಯರದೋ ಫೋಟೋ ಹೋದರೆ ಯಾವ ದುಡ್ಡು ಕೊಟ್ಟು ತರುವುದು, ನೀವೇ ಹೇಳಿ. ಬ್ರಿಟನ್ನಿನ ಪಾರ್ಲಿಮೆಂಟೇ ತನ್ನ ಮೇಲ್ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು. ಫಿಲಿಪ್ಪೀನ್ಸಿನಲ್ಲಿ ಆಗ ಇದಕ್ಕೆ ತಕ್ಕ ಕಾನೂನೇ ಇಲ್ಲದೆ ಆಪಾದನೆ ಬಿದ್ದುಹೋಯಿತು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದೇ ವರ್ಷ ಅಕ್ಟೋಬರ್ 17ರಿಂದ ಜಾರಿಗೆ ಬಂತು. ಇನ್ನೊಬ್ಬರಂತೆ ವೇಷ ಹಾಕಿ ಕಂಪ್ಯೂಟರಿನಲ್ಲಿ ಮೋಸ ಮಾಡಿದರೆ ಅದರ 66ಡಿ ಕಲಮಿನಂತೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹೆಸರು ಒಬ್ಬರದು, ಕೈವಾಡ ಇನ್ನೊಬ್ಬರದು

ಗುರುತಿನವರ ಹೆಸರಿನಲ್ಲಿ ಕೆಟ್ಟ ಮೇಲ್ ಬರುವುದು ಮೂರು ಬಗೆಯಲ್ಲಿ.

ಮೊದಲನೆಯದು, ನಿಜವಾಗಿಯೂ ಅವರ ಕಂಪ್ಯೂಟರಿಗೆ ವೈರಸ್ ತಗುಲಿರುವುದು. ಹಾಲಿಗೆ ಹೆಪ್ಪು ಬಿದ್ದ ಹಾಗೆ ಇದು. ಒಂದು ತೊಟ್ಟು ಬಿದ್ದರೆ ಪಾತ್ರೆಯೆಲ್ಲ ಮೊಸರು. ಅವರಿಗೆ ಗೊತ್ತೇ ಇಲ್ಲದಂತೆ ಅವರ ಪಟ್ಟಿಯಲ್ಲಿದ್ದವರಿಗೆಲ್ಲ ಕಾಗದ ಹೋಗುತ್ತದೆ.

ಎರಡನೆಯದು, ಬರೀ ಹೆಸರು ಕದಿಯುವುದು. ಇನ್‌ಲ್ಯಾಂಡ್ ಲೆಟರಿನ ಹಿಂದೆ 'ಇಂದ' ಎಂದು ಯಾರು ಯಾರ ಹೆಸರನ್ನಾದರೂ ಬರೆಯಬಹುದು, ಅಂಚೆಯವರೇನು ಕೇಳುವುದಿಲ್ಲ. ಈ-ಮೇಲ್‌ನಲ್ಲೂ ಬಹುಮಟ್ಟಿಗೆ ಹಾಗೆಯೇ. 2001-02ರಲ್ಲಿ ಹರಡಿದ 'ಕ್ಲೆಜ್' ಎಂಬ ವೈರಸ್ಸಿನ ಚಾಳಿಯೇ ಇದು. ರೋಗ ತಗುಲಿದ್ದು ಒಬ್ಬರ ಕಂಪ್ಯೂಟರಿಗೆ, ಕಾಗದದ ಮೇಲೆ ಹಾಕುತ್ತಿದ್ದುದು ಅವರ ಪಟ್ಟಿಯಲ್ಲಿದ್ದ ಇನ್ಯಾರದೋ ವಿಳಾಸ. ಬೈಸಿಕೊಳ್ಳುವವರು ಪಾಪ, ಏನೂ ಅರಿಯದವರು.

ಮೂರನೆಯದು, ಪಾಸ್‌ವರ್ಡ್ ಕದ್ದು ಅವರ ಮೇಲ್‌ನೊಳಗೇ ಕೂತುಬಿಡುವುದು. 'ಎಮೊಟೆಟ್' ಎಂಬುದು ಹಳೆಯ ಪತ್ರವ್ಯವಹಾರವನ್ನೇ ಕದ್ದು, ಅದಕ್ಕೆ ಉತ್ತರ ಬರೆದಂತೆ ನಟಿಸಿ ವೈರಸ್ ಅಂಟಿಸುತ್ತಿತ್ತು. ನಾವೇ ಹಿಂದೆ ಬರೆದ ನಾಲ್ಕು ಸಾಲು ಕೆಳಗೆ ಕಾಣುತ್ತಿದ್ದರೆ ಯಾರಿಗೆ ತಾನೇ ಅನುಮಾನ ಬಂದೀತು? ಹಲವು ದೇಶಗಳ ಪೊಲೀಸರು ಸೇರಿ 2021ರ ಜನವರಿಯಲ್ಲಿ ಅದರ ಜಾಲವನ್ನು ಮುಚ್ಚಿಸಿದರು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ತಲೆಯೆತ್ತಿತು.

ನಮ್ಮ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದ ಇಬ್ಬರು ಗೆಳತಿಯರು ಇಂಥದೇ ಕಾಗದದಿಂದ ಮಾತು ಬಿಟ್ಟಿದ್ದರು. 'ಅವಳ ಮೇಲ್‌ನಿಂದ ನಮ್ಮ ಮನೆಯ ಕಂಪ್ಯೂಟರು ಹಾಳಾಯಿತು, ರಿಪೇರಿಗೆ ದುಡ್ಡು ದಂಡ' ಎಂದು ಒಬ್ಬರು. 'ನಾನು ಕಳಿಸಿಯೇ ಇಲ್ಲ, ನನ್ನನ್ನು ಕಳ್ಳಿ ಮಾಡಿದಳು' ಎಂದು ಇನ್ನೊಬ್ಬರು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಆ ಮೇಲ್‌ನಲ್ಲಿ ಹೆಸರಿನ ಹಿಂದೆ ಅಡಗಿದ್ದ ಪೂರ್ತಿ ವಿಳಾಸ ತೆಗೆದು ತೋರಿಸಿದ. ಹೆಸರು ಗೆಳತಿಯದು, ವಿಳಾಸ ಮಾತ್ರ ಯಾವುದೋ ಅರ್ಥವಿಲ್ಲದ ಅಕ್ಷರಗಳ ಸಾಲು. ಎರಡು ತಿಂಗಳ ಮುನಿಸು ಎರಡು ನಿಮಿಷದಲ್ಲಿ ಕರಗಿತು. ಆದರೆ ಆ ಎರಡು ತಿಂಗಳಲ್ಲಿ ಒಬ್ಬರ ಮಗಳ ನಿಶ್ಚಿತಾರ್ಥ ಆಗಿಹೋಗಿತ್ತು, ಇನ್ನೊಬ್ಬರು ಹೋಗಿರಲಿಲ್ಲ. ಅದನ್ನು ಯಾವ ರಿಪೇರಿ ಅಂಗಡಿಯವನು ಸರಿಮಾಡಿಕೊಟ್ಟಾನು?

ಗುರುತು ಹಿಡಿಯುವುದು ಹೇಗೆ?

ಅಕ್ಕಿ ಆರಿಸುವ ಕಣ್ಣು ನಮಗಿದೆ. ಅದನ್ನೇ ಇಲ್ಲೂ ಬಳಸಿದರಾಯಿತು.

* ಮಾತಿನ ಧಾಟಿ ನೋಡಿ. ಯಾವಾಗಲೂ 'ಏನ್ರೀ, ತಿಂಡಿ ಆಯ್ತಾ?' ಎನ್ನುವವರು ಏಕಾಏಕಿ ಇಂಗ್ಲಿಷಿನಲ್ಲಿ 'ಪ್ರಿಯ ಮಿತ್ರರೇ' ಎಂದು ಶುರು ಮಾಡಿದರೆ ಅನುಮಾನಿಸಿ.

* ಹೆಸರನ್ನು ನಂಬಬೇಡಿ, ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ. ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದರೂ ಅದು ಬೇರೆಯವರದು. ವಿಳಾಸ ಸರಿಯಿದ್ದ ಮಾತ್ರಕ್ಕೆ ಕಾಗದ ಸಾಚಾ ಎಂದೂ ಅಲ್ಲ. ಮೇಲೆ ಹೇಳಿದ ಮೂರನೆಯ ಬಗೆ ನೆನಪಿರಲಿ.

* ಫೈಲಿನ ಹೆಸರಿಗೆ ಬಾಲವಿರುತ್ತದೆ. ಫೋಟೋ ಆದರೆ ಜೆಪಿಜಿ, ಕಾಗದಪತ್ರವಾದರೆ ಪಿಡಿಎಫ್. ಕೊನೆಯ ಬಾಲ ಇಎಕ್ಸ್‌ಇ, ವಿಬಿಎಸ್, ಜೆಎಸ್ ಎಂದಿದ್ದರೆ ಅದು ಫೋಟೋ ಅಲ್ಲ, ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ. ಎರಡು ಬಾಲವಿದ್ದರಂತೂ ಮೋಸವೆಂದೇ ತಿಳಿಯಿರಿ. ವಿಂಡೋಸ್ ಕಂಪ್ಯೂಟರಿನಲ್ಲಿ ಕೊನೆಯ ಬಾಲ ಸಾಮಾನ್ಯವಾಗಿ ಮರೆಯಾಗಿರುತ್ತದೆ. ಅದು ಕಾಣುವಂತೆ ಮಾಡಿಕೊಡಲು ಮನೆಯ ಹುಡುಗರಿಗೆ ಹೇಳಿ.

* ಗಂಟು ಕಟ್ಟಿದ ಜಿಪ್ ಫೈಲು, ಅದಕ್ಕೆ ಬೀಗ, ಬೀಗದ ಪಾಸ್‌ವರ್ಡ್ ಅದೇ ಕಾಗದದಲ್ಲಿ, ಹೀಗಿದ್ದರೆ ದೂರವಿರಿ. ವೈರಸ್ ತಪಾಸಣೆಯ ಕಣ್ಣಿಗೆ ಒಳಗಿರುವುದು ಕಾಣದಿರಲಿ ಎಂದೇ ಆ ಬೀಗ.

* ಕಾಗದ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದು 'ಎನೇಬಲ್ ಕಂಟೆಂಟ್' ಒತ್ತಿ ಎಂದರೆ ಒತ್ತಬೇಡಿ. ಓದುವುದಕ್ಕೆ ಅದು ಬೇಕಿಲ್ಲ.

* 'ಈಗಲೇ ನೋಡಿ', 'ಇಂದೇ ಕೊನೆಯ ದಿನ' ಎಂಬ ಅವಸರ ಕಂಡಲ್ಲೆಲ್ಲ ಕೈ ಹಿಂದಕ್ಕೆಳೆದುಕೊಳ್ಳಿ.

ಅನುಮಾನ ಬಂದರೆ ಏನು ಮಾಡಬೇಕು?

'ನಾಳೆ ಬಾ' ಎನ್ನಿ, ಅಷ್ಟೇ! ಕಾಗದವನ್ನು ತೆರೆಯದೆ ಬಿಟ್ಟು, ಕಳಿಸಿದವರಿಗೆ ಫೋನ್ ಮಾಡಿ 'ನೀವೇ ಕಳಿಸಿದ್ದಾ?' ಎಂದು ಕೇಳಿ. ಆ ಮೇಲ್‌ಗೇ ಉತ್ತರ ಬರೆದು ಕೇಳಬೇಡಿ. ಒಳಗೆ ಕಳ್ಳ ಕೂತಿದ್ದರೆ 'ಹೌದು, ನಾನೇ' ಎಂದು ಅವನೇ ಬರೆದಾನು. ಅವರು ಕಳಿಸಿಲ್ಲ ಎಂದರೆ ಅಳಿಸಿಹಾಕಿ. ಎಚ್ಚರಿಸುವ ಸದುದ್ದೇಶದಿಂದಲೂ ಆ ಕಾಗದವನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಕೈತಪ್ಪಿ ಒತ್ತಿಬಿಟ್ಟಿದ್ದರೆ ಗಾಬರಿ ಬೇಡ. ಮೊದಲು ಇಂಟರ್‌ನೆಟ್ ಸಂಪರ್ಕ ಕಿತ್ತುಹಾಕಿ. ಬೇರೆ ಫೋನಿನಿಂದಲೋ ಕಂಪ್ಯೂಟರಿನಿಂದಲೋ ಈ-ಮೇಲ್ ಪಾಸ್‌ವರ್ಡ್ ಬದಲಾಯಿಸಿ, ಅದೇ ಪಾಸ್‌ವರ್ಡನ್ನು ಬೇರೆಡೆ ಇಟ್ಟಿದ್ದರೆ ಅಲ್ಲೂ ಬದಲಾಯಿಸಿ. 'ಟೂ ಸ್ಟೆಪ್ ವೆರಿಫಿಕೇಶನ್' ಎಂಬ ಎರಡನೆಯ ಅಗುಳಿ ಹಾಕಿಕೊಳ್ಳಿ. ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕಾಗದಗಳು ಗುರುತಿಲ್ಲದ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿವೆಯೇ ಎಂದು ನೋಡಿ. ಪಾಸ್‌ವರ್ಡ್ ಬದಲಾಯಿಸಿದರೂ ಈ ಕಿಂಡಿ ಮುಚ್ಚದೆ ಉಳಿದಿರಬಹುದು. ಆಮೇಲೆ ಕಂಪ್ಯೂಟರನ್ನು ವೈರಸ್ ನಿರೋಧಕದಿಂದ ಪೂರ್ತಿ ಪರೀಕ್ಷಿಸಿ. ಈಗಿನ ವಿಂಡೋಸ್ ಕಂಪ್ಯೂಟರಿನಲ್ಲಿ 'ಡಿಫೆಂಡರ್' ಎಂಬುದು ಜೊತೆಯಲ್ಲೇ ಬರುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ವೂ ಇಂಥ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ.

ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಫೋನ್ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸೈಬರ್ ವಂಚನೆ ಸಹಾಯವಾಣಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಹೋಗುವ ಮುನ್ನ ತಡೆಹಿಡಿಯಲು ಅವರು ನೋಡುತ್ತಾರೆ. ಬೇಗ ಹೇಳಿದಷ್ಟೂ ಉಳಿಯುವ ಆಸೆ ಹೆಚ್ಚು.

ಲಗ್ನಪತ್ರಿಕೆಯ ವೇಷ

ಇದೇ ಆಟ ಈಗ ವಾಟ್ಸ್ಆ್ಯಪ್‌ಗೂ ಬಂದಿದೆ. 2024ರ ನವೆಂಬರಿನಲ್ಲಿ, ಮದುವೆಗಳ ಕಾಲದಲ್ಲೇ, ಲಗ್ನಪತ್ರಿಕೆಯ ಹೆಸರಿನಲ್ಲಿ ಬರುವ ಫೈಲುಗಳ ಬಗ್ಗೆ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದ್ದರು. ಬಾಲ 'ಎಪಿಕೆ' ಎಂದಿದ್ದರೆ ಅದು ಪತ್ರಿಕೆಯಲ್ಲ, ಫೋನಿನೊಳಗೆ ಇಳಿದು ಕೂರುವ ಆ್ಯಪ್. ನಿಮಗೆ ಬರುವ ಓಟಿಪಿಯನ್ನೂ ಅದು ಓದಬಲ್ಲದು. ಮದುವೆಗೆ ನಿಜವಾಗಿ ಕರೆಯುವವರು ಒಂದು ಮಾತು ಫೋನಿನಲ್ಲಾದರೂ ಹೇಳುತ್ತಾರೆ. ಇಷ್ಟು ಕಾಲ ಕುಂಕುಮ ಕೊಟ್ಟು ಕರೆದುಕೊಂಡು ಬಂದ ನಮಗೆ ಇದು ಹೊಸದಾಗಿ ಹೇಳಬೇಕಾದ್ದಲ್ಲ.

ಬೈಗುಳ ಬೇಡ, ಮುಚ್ಚುಮರೆಯೂ ಬೇಡ

ಗೆಳತಿಯ ಹೆಸರಿನಲ್ಲಿ ಕೆಟ್ಟ ಕಾಗದ ಬಂದರೆ 'ನೀನು ವೈರಸ್ ಕಳಿಸಿದೆ' ಎನ್ನಬೇಡಿ. 'ನಿನ್ನ ಹೆಸರಿನಲ್ಲಿ ಯಾರೋ ಕಾಗದ ಕಳಿಸ್ತಿದ್ದಾರೆ ಕಣೇ, ಒಮ್ಮೆ ನೋಡಿಸು' ಎನ್ನಿ. ಗುಂಪಿನಲ್ಲಿ ಕೂಗಿ ಹೇಳದೆ ಅವರಿಗೊಬ್ಬರಿಗೇ ಫೋನ್ ಮಾಡಿ. ನಿಮ್ಮ ಹೆಸರಿನಲ್ಲೇ ಹೋಗುತ್ತಿದ್ದರೆ ಸಂಕೋಚ ಬಿಟ್ಟು ಎಲ್ಲರಿಗೂ 'ನನ್ನ ಮೇಲ್ ತೆರೆಯಬೇಡಿ' ಎಂದು ತಿಳಿಸಿ.

ಇನ್ನೊಂದು ಮಾತು. ಎಷ್ಟೋ ಹೆಣ್ಣುಮಕ್ಕಳು ಕೈತಪ್ಪಿ ಏನೋ ಒತ್ತಿ, ಯಜಮಾನರು ಬೈದಾರು, ಮಕ್ಕಳು ನಕ್ಕಾರು ಎಂದು ಸುಮ್ಮನಿದ್ದುಬಿಡುತ್ತಾರೆ. ಕಳ್ಳನಿಗೆ ಬೇಕಾದದ್ದೂ ಅದೇ. ಅವರು ಬಾಯಿ ಮುಚ್ಚಿಕೊಂಡಿರುವ ಒಂದೊಂದು ಗಂಟೆಯೂ ಅವನ ಲಾಭ. ಆದ್ದರಿಂದ ಈ ಪುಟವನ್ನು ಮನೆಯ ಗಂಡಸರಿಗೂ ಓದಲು ಕೊಡಿ. ಹಾಲು ಉಕ್ಕಿದಾಗ ಮೊದಲು ಒಲೆ ಆರಿಸುತ್ತೇವೆಯೇ ಹೊರತು ಯಾರ ತಪ್ಪು ಎಂದು ಪಂಚಾಯಿತಿ ಕೂರಿಸುವುದಿಲ್ಲ. ತಡ ಮಾಡದೆ ಬಂದು ಹೇಳಬಹುದಾದ ಸಲಿಗೆ ಮನೆಯಲ್ಲಿದ್ದರೆ ಅರ್ಧ ನಷ್ಟ ಅಲ್ಲೇ ತಪ್ಪುತ್ತದೆ.