ಮನೆಯ ಹಿರಿಯರ ಸ್ವಭಾವ ಬದಲಾಯಿತೇ?

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆ. ಹಾಗಿದ್ದರೆ ಜನ್ಮದಲ್ಲಿ ಒಂದು ಒರಟು ಮಾತು ಆಡದಿದ್ದ ಮಾವನವರು ಅರವತ್ತೆಂಟರಲ್ಲಿ ನೆಂಟರೆದುರೇ ಬೈಯಲು ಶುರುಮಾಡುವುದೇಕೆ? ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದ ಅತ್ತೆ ನಾಲ್ಕು ದಿನವಾದರೂ ಸೀರೆ ಬದಲಿಸದೆ ಕೂರುವುದೇಕೆ? ಕಾಸಿಗೆ ಕಾಸು ಲೆಕ್ಕ ಇಡುತ್ತಿದ್ದ ಯಜಮಾನರು ಬಾಗಿಲಿಗೆ ಬಂದವರಿಗೆಲ್ಲ ಹಣ ಕೊಟ್ಟು ಕಳಿಸುವುದೇಕೆ?

ಆಗ ಮನೆಯಲ್ಲಿ ಕೇಳಿಬರುವ ಮಾತುಗಳು ನಿಮಗೆ ಗೊತ್ತೇ ಇವೆ. "ಬೇಕೂಂತಲೇ ಮಾಡ್ತಾರೆ", "ಸೊಸೇನ ಕಂಡ್ರೆ ಆಗೋಲ್ಲ", "ಅರವತ್ತಕ್ಕೆ ಅರಳುಮರಳು". ಸೊಸೆ ಅಳುತ್ತಾಳೆ, ಮಗ ರೇಗುತ್ತಾನೆ, ಹಿರಿಯರು ಮೂಲೆ ಸೇರುತ್ತಾರೆ. ಕಾಲು ಊದಿಕೊಂಡರೆ ಮರುದಿನವೇ ಆಸ್ಪತ್ರೆಗೆ ಕರೆದೊಯ್ಯುವ ನಾವು, ಸ್ವಭಾವ ಬದಲಾದರೆ ಮಾತ್ರ ಜಗಳಕ್ಕೆ ನಿಲ್ಲುತ್ತೇವೆ. ಸ್ವಭಾವಕ್ಕೂ ಶರೀರದಲ್ಲಿ ಒಂದು ಜಾಗವಿದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಮೇಸ್ತ್ರಿ ಗೇಜ್‌ನ ಕಥೆ

ಇದನ್ನು ವೈದ್ಯರಿಗೆ ಮನಗಾಣಿಸಿದ ಪ್ರಸಂಗ ಅಮೆರಿಕದಲ್ಲಿ ನಡೆಯಿತು. 1848ರ ಸೆಪ್ಟೆಂಬರ್ 13. ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಎಂಬಲ್ಲಿ ರೈಲು ಹಾದಿಗಾಗಿ ಬಂಡೆ ಸಿಡಿಸುತ್ತಿದ್ದರು. ಇಪ್ಪತ್ತೈದು ವರ್ಷದ ಫಿನಿಯಸ್ ಗೇಜ್ ಅಲ್ಲಿನ ಮೇಸ್ತ್ರಿ. ಕುಳಿಯಲ್ಲಿ ತುಂಬಿದ್ದ ಮದ್ದು ಇದ್ದಕ್ಕಿದ್ದಂತೆ ಸಿಡಿದು, ಅವನ ಕೈಯಲ್ಲಿದ್ದ ಕಬ್ಬಿಣದ ಸರಳು ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಸರಳಿನ ಉದ್ದ ಮೂರೂವರೆ ಅಡಿಗಿಂತ ಹೆಚ್ಚು, ತೂಕ ಸುಮಾರು 6 ಕಿಲೋ!

ಆಶ್ಚರ್ಯವೆಂದರೆ ಗೇಜ್ ಸಾಯಲಿಲ್ಲ. ಎತ್ತಿನ ಗಾಡಿಯಲ್ಲಿ ಕುಳಿತುಕೊಂಡೇ ಊರಿಗೆ ಬಂದ. ಡಾಕ್ಟರ್ ಜಾನ್ ಹಾರ್ಲೋ ಅವರ ಶುಶ್ರೂಷೆಯಿಂದ ಗಾಯ ಮಾಯಿತು. ಒಂದು ಕಣ್ಣು ಹೋಯಿತೇ ಹೊರತು ನಡಿಗೆ, ಮಾತು ಎಲ್ಲ ಉಳಿದವು. ಆದರೆ ಮೊದಲು ಎಲ್ಲರಿಗೂ ಬೇಕಾದವನಾಗಿದ್ದ, ಜವಾಬ್ದಾರಿಯ ಗೇಜ್ ಈಗ ಮಾತುಮಾತಿಗೆ ಹೊಲಸು ಬೈಗುಳ ಆಡುವ, ಹಟಮಾರಿಯಾದ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಮನುಷ್ಯನಾಗಿದ್ದ. ಇವನು ನಮ್ಮ ಹಳೆಯ ಗೇಜ್ ಅಲ್ಲವೇ ಅಲ್ಲ ಎಂದರು ಸ್ನೇಹಿತರು. ಹಳೆಯ ಕೆಲಸವೂ ಸಿಗಲಿಲ್ಲ. ಇದನ್ನೆಲ್ಲ ಹಾರ್ಲೋ 1868ರಲ್ಲಿ ವಿವರವಾಗಿ ಬರೆದರು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಗೇಜ್ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟು ಓಡಿಸಿದ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ. ದಿನವೂ ಅದೇ ಹೊತ್ತು, ಅದೇ ಕೆಲಸ ಎಂಬ ಕಟ್ಟುನಿಟ್ಟಿನಿಂದ ಅವನು ಎಷ್ಟೋ ಸುಧಾರಿಸಿರಬೇಕು ಎಂದು ಇಂದಿನ ಸಂಶೋಧಕರು ಹೇಳುತ್ತಾರೆ.

ಹಣೆಯ ಹಿಂದೆ ಏನಿದೆ?

ಸರಳು ಹಾಳುಮಾಡಿದ್ದು ಹಣೆಯ ಹಿಂದಿರುವ ಮಿದುಳಿನ ಮುಂಭಾಗವನ್ನು. ಸಿಟ್ಟು, ಭಯ, ಆಸೆಗಳು ಮಿದುಳಿನ ಒಳಭಾಗಗಳಿಂದ ಏಳುತ್ತವೆ. ಹಾಲು ಉಕ್ಕಿ ಬರುವಾಗ ನೀವು ಒಲೆ ಸಣ್ಣದು ಮಾಡುವುದಿಲ್ಲವೇ? ಮುಂಭಾಗ ಮಾಡುವುದು ಆ ಕೆಲಸವನ್ನೇ. "ನೆಂಟರಿದ್ದಾರೆ, ಈಗ ಬೇಡ" ಎನ್ನುವುದು ಅದೇ. ಅದು ಸೊರಗಿದರೆ ಹಾಲು ಉಕ್ಕುತ್ತದೆ. ಅಂಥವರಿಗೆ "ಸ್ವಲ್ಪ ತಡ್ಕೊಳ್ಳಿ" ಅಂತ ಬುದ್ಧಿ ಹೇಳಿ ಏನು ಪ್ರಯೋಜನ? ತಡೆದುಕೊಳ್ಳುವ ಜಾಗಕ್ಕೇ ಪೆಟ್ಟಾಗಿದೆ.

ಮಿದುಳನ್ನು ಕೆಡಿಸಲು ಕಬ್ಬಿಣದ ಸರಳೇ ಬೇಕಾಗಿಲ್ಲ. ಸುಮಾರು 1.4 ಕಿಲೋ ತೂಗುವ ಈ ಅಂಗ, ಸುಮ್ಮನೆ ಕುಳಿತಿದ್ದರೂ ದೇಹದ ಶಕ್ತಿಯ ಐದನೇ ಒಂದು ಪಾಲನ್ನು ತಾನೇ ಬಳಸುತ್ತದೆ. ರಕ್ತ, ಸಕ್ಕರೆ, ಉಪ್ಪಿನಂಶ ಯಾವುದರಲ್ಲಿ ಏರುಪೇರಾದರೂ ನಡವಳಿಕೆಯಲ್ಲಿ ಕಾಣಿಸಬಹುದು.

ನೀವು ಗಮನಿಸಬೇಕಾದದ್ದು

ಬದಲಾವಣೆ ಎಷ್ಟು ಬೇಗ ಆಯಿತು ಎಂಬುದು ಮೊದಲ ಪ್ರಶ್ನೆ.

ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಗೊಂದಲ, ಅಸಂಬದ್ಧ ಮಾತು ಶುರುವಾದರೆ ಕಾಯಬೇಡಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಮಾತ್ರೆಗಳ ದುಷ್ಪರಿಣಾಮ ಹೀಗೆ ಕಾಣಿಸಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿದಿರಬಹುದು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಲಕ್ವದ ಸೂಚನೆ. ಹೊತ್ತು ಗುರುತು ಹಾಕಿಕೊಂಡು 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿತ್ತೇ? ತಿಂಗಳ ಹಿಂದಿನದಾದರೂ ಡಾಕ್ಟರಿಗೆ ಹೇಳಿ. ಹಿರಿಯರಲ್ಲಿ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಸೇರಿ ವಾರಗಳ ನಂತರ ತೊಂದರೆ ಕೊಡುವುದುಂಟು.

ತಿಂಗಳುಗಟ್ಟಲೆ ಮೆಲ್ಲಗೆ ಬದಲಾದರೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವೆಯೇ ಎಂದು ನೋಡಿಸಬೇಕು. ಇವುಗಳಿಗೆ ಚಿಕಿತ್ಸೆ ಇದೆ. ಇವು ಯಾವುವೂ ಅಲ್ಲದೆ ಡಿಮೆನ್ಷಿಯಾವೂ ಇರಬಹುದು. ಅದರಲ್ಲಿ ಒಂದು ಬಗೆ ಹೆಚ್ಚಾಗಿ 45ರಿಂದ 65 ವರ್ಷದೊಳಗೇ ಶುರುವಾಗುತ್ತದೆ. ಆರಂಭದಲ್ಲಿ ನೆನಪು ಸರಿಯಾಗಿದ್ದು ನಡತೆ ಮಾತ್ರ ಕೆಡುವುದರಿಂದ ಮನೆಯವರು ಮೋಸಹೋಗುತ್ತಾರೆ. ಇದನ್ನು ಪೂರ್ತಿ ವಾಸಿಮಾಡುವ ಔಷಧಿ ಇನ್ನೂ ಇಲ್ಲ. ಆದರೆ ಕಾಯಿಲೆ ಎಂದು ತಿಳಿದ ಮೇಲೆ ಮನೆಯ ವಾತಾವರಣವೇ ಬೇರೆಯಾಗುತ್ತದೆ.

ಮನೆಯಲ್ಲಿ ಹೀಗೆ ಮಾಡಿ

ಕ್ಯಾಲೆಂಡರಿನಲ್ಲೋ ಹಾಲಿನ ಲೆಕ್ಕದ ಪುಸ್ತಕದಲ್ಲೋ ಯಾವ ದಿನ ಏನಾಯಿತು ಎಂದು ಬರೆದಿಡಿ. ಡಾಕ್ಟರಿಗೆ ಅದು ಬಹಳ ಉಪಯೋಗ. ಊಟ, ಸ್ನಾನ, ನಿದ್ದೆಗೆ ದಿನವೂ ಅದೇ ಹೊತ್ತು ಇರಲಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ವಾದಕ್ಕೆ ನಿಲ್ಲಬೇಡಿ. ಹಣ, ಗ್ಯಾಸ್ ಒಲೆಯ ಮೇಲೆ ಕಣ್ಣಿರಲಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಬೇಕಾದರೆ ಜಿಲ್ಲಾ ಆಸ್ಪತ್ರೆಯವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಡುತ್ತಾರೆ.

ಒಂದು ಎಚ್ಚರಿಕೆ. ಎಲ್ಲ ಸಿಟ್ಟೂ ಕಾಯಿಲೆಯಲ್ಲ. ಮದುವೆಯಾದಾಗಿನಿಂದ ಕೈ ಎತ್ತುತ್ತಿರುವ ಗಂಡನಿಗೆ ಮಿದುಳಿನ ನೆಪ ಕೊಡಬೇಡಿ. ನಾವು ಹೇಳುತ್ತಿರುವುದು ಮೊದಲು ಹಾಗಿರದೆ ಈಗ ಬದಲಾದವರ ವಿಷಯ.

ಕಡೆಯದಾಗಿ, ಇಷ್ಟೆಲ್ಲ ನೋಡಿಕೊಳ್ಳುವ ನಿಮ್ಮ ಮಿದುಳೂ ದಣಿಯುತ್ತದೆ. ನಾದಿನಿಯನ್ನೋ ಓರಗಿತ್ತಿಯನ್ನೋ ಕರೆದು ವಾರಕ್ಕೆ ಎರಡು ದಿನವಾದರೂ ಸರದಿ ಮಾಡಿಕೊಳ್ಳಿ. ಮನಸ್ಸು ಭಾರವಾದಾಗ ಸರ್ಕಾರದ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. 2022ರಿಂದ ನಡೆಯುತ್ತಿರುವ ಈ ಸಹಾಯವಾಣಿಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.