ಹಳೆಯ ಗಣಕಯಂತ್ರದ ಗುಂಡಿಗಳಿಂದ ಬೀಗದಕೈ ಗೊಂಚಲು

ಹಳೆಯ ಸೀರೆಯಿಂದ ಕೌದಿಯನ್ನು ಹೊಲಿಯುವುದೂ, ಸವೆದ ಹಿತ್ತಾಳೆಯ ಪಾತ್ರೆಯನ್ನು ಕೊಟ್ಟು ಹೊಸದನ್ನು ಕೊಳ್ಳುವುದೂ ನಮ್ಮ ಗೃಹಿಣಿಯರಿಗೆ ಕಲಿಸಬೇಕಾದ ವಿದ್ಯೆಗಳಲ್ಲ. ಆದರೆ ಕೆಟ್ಟುಹೋದ ಗಣಕಯಂತ್ರವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅಜ್ಜಿಯರ ಅನುಭವದಲ್ಲಿ ಉತ್ತರವಿಲ್ಲ. ಅದು ಅಟ್ಟವನ್ನೇರಿ ಧೂಳು ಹಿಡಿದು ಕುಳಿತಿರುವುದು. ಅದರ ಬಿಡಿಭಾಗಗಳಿಂದ ಬೀಗದಕೈ ಗೊಂಚಲುಗಳನ್ನು ಮಾಡುವ ಹವ್ಯಾಸವೊಂದುಂಟು. ಕೆಲಸವು ಸುಲಭವಾದುದೇ, ಆದರೆ ಯಾವ ಭಾಗವನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯು ಮೊದಲು ಬೇಕು.

ಇದಕ್ಕೆ ಕಾರಣವು ತಾಯಂದಿರಿಗೆ ತಿಳಿದುದೇ ಆಗಿದೆ. ಗಾಂಧಿ ಬಜಾರಿನಲ್ಲಿ ಹೂವು ಹಣ್ಣುಗಳನ್ನು ಕೊಳ್ಳುವಾಗ ಕಂಕುಳ ಕೂಸು ಅತ್ತರೆ, ತಾಯಿಯು ಚೀಲದಿಂದ ಬೀಗದಕೈ ಗೊಂಚಲನ್ನು ತೆಗೆದು ಅದರ ಕೈಗೆ ಕೊಡುವಳು. ಕೂಸು ಅದನ್ನು ಒಡನೆಯೇ ಬಾಯಿಗೆ ಇಡುವುದು. ಆದುದರಿಂದ ಗೊಂಚಲಿನಲ್ಲಿ ಏನು ತೂಗುತ್ತಿದೆಯೆಂಬುದು ಕೇವಲ ಅಲಂಕಾರದ ಮಾತಲ್ಲ.

ಯಂತ್ರದೊಳಗಿನ ಹಸಿರು ಹಲಗೆಗಳೂ, ಚಿನ್ನದಂಚಿನ ನೆನಪಿನ ಪಟ್ಟಿಗಳೂ ನೋಟಕ್ಕೆ ಬಹು ಚೆಲುವಾಗಿರುವುವು. ಆದರೆ ಹಳೆಯ ಹಲಗೆಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ ಶೇಕಡ 60ರಷ್ಟು ತವರವೂ 40ರಷ್ಟು ಸೀಸವೂ ಇರುತ್ತಿದ್ದುವು. ಐರೋಪ್ಯ ಒಕ್ಕೂಟವು 2006ರ ಜುಲೈಯಿಂದ ಈ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ನಮ್ಮ ದೇಶದಲ್ಲಿ ಅಂತಹ ಮಿತಿಯು 2014ರಲ್ಲಿ ಜಾರಿಗೆ ಬಂದಿತು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವುದು. ಅವರ ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಮೇಲೆ ವಾರ್ನಿಷ್ ಬಳಿದರೆ ಸಾಲದೆ ಎಂದು ಕೇಳಬಹುದು. ಬೀಗದಕೈಗಳು ಹಗಲೆಲ್ಲ ಅದಕ್ಕೆ ಉಜ್ಜುತ್ತಿದ್ದರೆ ವಾರ್ನಿಷ್ ಎಷ್ಟು ಕಾಲ ನಿಂತೀತು? ಹಲಗೆಯನ್ನು ಗರಗಸದಿಂದ ಕೊಯ್ದರೆ ಗಾಜಿನ ನಾರಿನ ಪುಡಿಯು ಎದ್ದು ಉಸಿರಿನೊಡನೆ ಒಳಸೇರುವುದು. ಆದಕಾರಣ ಹಲಗೆಯನ್ನು ಮನೆಯಲ್ಲಿ ಕೊಯ್ಯಕೂಡದು, ಗೊಂಚಲಿಗೂ ಕಟ್ಟಕೂಡದು.

ಇದಕ್ಕೆ ತಕ್ಕುದು ಕೀಲಿಮಣೆಯ ಅಕ್ಷರದ ಗುಂಡಿ. ಇದರಲ್ಲಿ ಬೆಸುಗೆಯಿಲ್ಲ; ಇದು ಬರಿಯ ಪ್ಲಾಸ್ಟಿಕ್ಕಿನದು. ಮೇಜಿನ ಮೇಲಿಡುವ ದಪ್ಪ ಕೀಲಿಮಣೆಯನ್ನೇ ಆರಿಸತಕ್ಕದ್ದು. ಮಡಿಸುವ ಗಣಕಗಳ ಗುಂಡಿಗಳು ತೆಳುವಾದುದರಿಂದ ಒಡೆಯುವುವು. ತಂತಿಯನ್ನು ಕಳಚಿ, ಚಮಚದ ಹಿಡಿಯನ್ನು ಗುಂಡಿಯ ಕೆಳಗೆ ತೂರಿಸಿ ಮೆಲ್ಲನೆ ಮೇಲಕ್ಕೆತ್ತಿದರೆ ಅದು ಬಿಟ್ಟುಬರುವುದು. ಸಾಬೂನು ಕಲಸಿದ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತಿಕ್ಕಿ ತೊಳೆದು, ನೆರಳಿನಲ್ಲಿ ಒಂದು ದಿನ ಒಣಗಿಸಬೇಕು. ಗುಂಡಿಯ ಒಳಗು ಟೊಳ್ಳು. ಅದರ ಮೇಲುಬದಿಯ ಗೋಡೆಯಲ್ಲಿ ಅಂಚಿನಿಂದ ತುಸು ಒಳಗೆ, ಕೈಬೈರಿಗೆಯಿಂದ 2 ಮಿಲಿಮೀಟರಿನ ತೂತನ್ನು ಕೊರೆಯಬೇಕು. ಕಾದ ಸೂಜಿಯಿಂದ ಚುಚ್ಚಬಾರದು. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯು ಒಳ್ಳೆಯದಲ್ಲ. ತೂತಿನಲ್ಲಿ ಉಕ್ಕಿನ ಸಣ್ಣ ಬಳೆಯನ್ನೂ ಅದಕ್ಕೆ ಬೀಗದಕೈಯ ದೊಡ್ಡ ಬಳೆಯನ್ನೂ ಪೋಣಿಸಿ, ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಉಳಿದ ರೇಷ್ಮೆಯ ನೂಲಿನಿಂದ ಒಂದು ಕುಚ್ಚನ್ನು ಸೇರಿಸಿದರೆ ಗೊಂಚಲು ಸಿದ್ಧವಾಯಿತು.

ಯಾವ ಅಕ್ಷರವನ್ನು ಆರಿಸಬೇಕು? ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಬಳಸುವ, ಕೆ. ಪಿ. ರಾವ್ ಅವರ ಕಲ್ಪನೆಯನ್ನು ಆಧರಿಸಿದ ವಿನ್ಯಾಸದಲ್ಲಿ, ಇಂಗ್ಲಿಷಿನ ‘ಕೆ’ ಗುಂಡಿಯನ್ನು ಒತ್ತಿದರೆ ‘ಕ’ಕಾರವೂ, ‘ಎಮ್’ ಒತ್ತಿದರೆ ‘ಮ’ಕಾರವೂ ಮೂಡುವುವು. ಹೀಗೆ ಕಮಲೆಗೂ ಮೇರಿಗೂ ಅವರವರ ಗುಂಡಿಯು ದೊರೆಯುವುದು. ಆದರೂ ಗುಂಡಿಯು ಕೂಸಿನ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕದಾದುದರಿಂದ, ಈ ಗೊಂಚಲೂ ಮೂರು ವರ್ಷದೊಳಗಿನ ಮಕ್ಕಳ ಆಟಕ್ಕೆ ಸಲ್ಲದು.

ಗುಂಡಿಗಳನ್ನು ತೆಗೆದಮೇಲೆ ಉಳಿದುದರ ಗತಿಯೇನು? ಸುಮಾರು ನೂರು ಗುಂಡಿಗಳು ಒಂದು ತರಗತಿಗೆ ಸಾಕಾದರೂ, ಅಟ್ಟದ ಮೇಲಿನ ಯಂತ್ರದ ಭಾರವು ಅದರಿಂದ ಹೆಚ್ಚು ಕಡಿಮೆಯಾಗದು. ಒಳಗಿರುವ ನಾಣ್ಯದಾಕಾರದ ವಿದ್ಯುತ್ಕೋಶವನ್ನು ಮಗುವು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವು ಸುಡಬಹುದು. ಹಳೆಯ ದಪ್ಪ ಪರದೆಯ ಗಾಜಿನಲ್ಲಿಯೂ ಸೀಸವುಂಟು. ಇವನ್ನು ಬೀದಿಯ ಕಸಕ್ಕೆ ಎಸೆಯದೆ, ಪರವಾನಗಿಯುಳ್ಳ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸತಕ್ಕದ್ದು. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆಯು 2005ರಲ್ಲಿಯೇ ಈ ಕಾರ್ಯವನ್ನು ಆರಂಭಿಸಿತು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ.

ಪ್ರಿಯ ಸೋದರಿಯರೇ, ಮಕ್ಕಳಿಗೆ ಈ ಕೈಕೆಲಸವನ್ನು ಕಲಿಸುವಾಗ ಗುಂಡಿಯನ್ನು ಕೊರೆಯುವ ವಿಧಾನದೊಡನೆ, ಹಸಿರು ಹಲಗೆಯನ್ನು ಏಕೆ ಮುಟ್ಟಬಾರದೆಂಬುದನ್ನೂ ತಿಳಿಸಿಕೊಡಿರಿ. ಗೊಂಚಲು ಒಂದು ದಿನ ಕಳೆದುಹೋಗಬಹುದು. ಈ ತಿಳಿವು ಅವರೊಡನೆ ಉಳಿಯುವುದು.